ಟ್ಯಾಪೆಟ್ ಸದ್ದು ಮತ್ತು ನಮ್ಮ ವಿಜ್ಞಾನದ ಮೇಷ್ಟ್ರು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನನಗಿಂತ ಮೊದಲು ಮಾತಾಡಿದವರಲ್ಲಿ ಒಬ್ಬರು ಡಾಕ್ಟರು, ಇನ್ನೊಬ್ಬರು ದೊಡ್ಡ ಅಧಿಕಾರಿಗಳು. ನಾನು ಬೈಕ್ ಮೆಕ್ಯಾನಿಕ್. ಸಮಿತಿಯವರು ಗ್ಯಾರೇಜಿಗೆ ಬಂದು ನೀನೂ ಮಾತಾಡಬೇಕು ಅಂದಾಗ, ನನಗೆ ಭಾಷಣ ಬರಲ್ಲ ಸ್ವಾಮಿ, ಬೇಕಾದರೆ ಪೆಂಡಾಲಿಗೆ ದುಡ್ಡು ಕೊಡ್ತೀನಿ ಅಂದೆ. ದುಡ್ಡನ್ನೂ ಕೊಡು, ಮಾತನ್ನೂ ಆಡು, ನಿನಗೆ ಗೊತ್ತಿರೋದನ್ನೇ ಹೇಳು ಅಂದರು. ನನಗೆ ಗೊತ್ತಿರುವುದು ಟ್ಯಾಪೆಟ್. ಅದಕ್ಕೇ ಈ ಮೇಜಿನ ಮೇಲೆ ಒಂದು ಇಂಜಿನ್ ಹೆಡ್ ತಂದಿಟ್ಟಿದ್ದೇನೆ. ಬಿಳಿ ಬಟ್ಟೆಗೆ ಆಯಿಲ್ ತಾಗದಿರಲಿ ಅಂತ ಕೆಳಗೆ ಪೇಪರ್ ಹಾಸಿದ್ದೇನೆ, ಮುಖ್ಯೋಪಾಧ್ಯಾಯರು ಗಾಬರಿಯಾಗುವುದು ಬೇಡ.

ಮೊದಲು ಒಂದು ಪ್ರಶ್ನೆ. ಇಲ್ಲಿ ಬೈಕ್ ಇರುವವರು ಎಷ್ಟು ಜನ? ಕೈ ಎತ್ತಿ. ಸರಿ, ಹೆಚ್ಚುಕಡಿಮೆ ಎಲ್ಲರೂ. ನಿಮ್ಮಲ್ಲಿ ಗ್ಯಾರೇಜಿಗೆ ಬಂದು “ಇಂಜಿನ್ ಟಕಟಕ ಅಂತಿದೆ, ಸ್ವಲ್ಪ ಟ್ಯಾಪೆಟ್ ಟೈಟ್ ಮಾಡಿಕೊಡಪ್ಪ” ಅಂದವರು ಎಷ್ಟು ಜನ? ಈಗಲೂ ಅಷ್ಟೇ ಕೈಗಳು. ಟ್ಯಾಪೆಟ್ ಸೆಟ್ ಮಾಡಿಕೊಡು ಅಂತ ಯಾರೂ ಕೇಳುವುದಿಲ್ಲ. ಎಲ್ಲರಿಗೂ ಟೈಟ್ ಬೇಕು, ಸದ್ದು ಹೋಗಬೇಕು. ಸದ್ದು ಹೋದರೆ ಗಾಡಿ ರಿಪೇರಿ ಆಯಿತು ಅಂತ ಲೆಕ್ಕ. ನಾನೂ ಹಾಗೇ ತಿಳಿದಿದ್ದೆ. ಆ ತಿಳಿವಳಿಕೆಯಿಂದ ಒಬ್ಬರಿಗೆ ತೊಂದರೆ ಕೊಟ್ಟೆ, ಆಮೇಲೆ ಅವರಿಗೆ ಸುಳ್ಳೂ ಹೇಳಿದೆ. ಅವರು ಇವತ್ತು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಆ ವಿಷಯಕ್ಕೆ ಬರುತ್ತೇನೆ.

1988ರಲ್ಲಿ ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷ್ ಎರಡರಲ್ಲೂ ಡುಮ್ಕಿ ಹೊಡೆದೆ. ಅಪ್ಪ ಒಂದು ಮಾತೂ ಬೈಯಲಿಲ್ಲ. ಸಂತೆ ದಿನ ತಿಪಟೂರಿಗೆ ಕರೆದುಕೊಂಡು ಹೋಗಿ, ಕೊಬ್ಬರಿ ಮಾರಿ, ವಾಪಸ್ ಬರುವಾಗ ನನ್ನನ್ನು ಒಂದು ಗ್ಯಾರೇಜಿನಲ್ಲಿ ಬಿಟ್ಟು ಬಂದರು. ಅಲ್ಲಿದ್ದವರು ನಮ್ಮ ಮೇಸ್ತ್ರಿ. ಮೇಷ್ಟ್ರು ಬೇರೆ, ಮೇಸ್ತ್ರಿ ಬೇರೆ, ಮಕ್ಕಳು ಗೊಂದಲ ಮಾಡಿಕೊಳ್ಳಬೇಡಿ. ನನಗೆ ಇಬ್ಬರೂ ಗುರುಗಳೇ. ಇಬ್ಬರಿಂದಲೂ ಪೆಟ್ಟು ತಿಂದಿದ್ದೇನೆ, ಒಬ್ಬರದು ಬೆತ್ತ, ಇನ್ನೊಬ್ಬರದು ಸ್ಪ್ಯಾನರ್.

ಆಗ ಗ್ಯಾರೇಜಿಗೆ ಬರುತ್ತಿದ್ದ ಗಾಡಿಗಳೆಂದರೆ ರಾಜದೂತ್, ಲೂನಾ, ಚೇತಕ್ ಸ್ಕೂಟರ್, ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ತಯಾರಾಗುತ್ತಿದ್ದ ಯೆಜ್ಡಿ. ಎಲ್ಲವೂ ಟೂ ಸ್ಟ್ರೋಕ್. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಈ ವಾಲ್ವ್, ಟ್ಯಾಪೆಟ್ ಎಂಬ ತಂಟೆಯೇ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತಾ ತಾನೇ ಕಿಂಡಿ ಮುಚ್ಚುತ್ತದೆ, ತಾನೇ ತೆರೆಯುತ್ತದೆ. ನಮ್ಮ ಮೇಸ್ತ್ರಿ ಯೆಜ್ಡಿಯ ಸದ್ದನ್ನು ರಸ್ತೆಯಾಚೆಯಿಂದ ಕೇಳಿಯೇ ಪಾಯಿಂಟ್ ಸರಿ ಇದೆಯೋ ಇಲ್ಲವೋ ಹೇಳುತ್ತಿದ್ದರು. ವಾಲ್ವ್ ಇರುವ ಗಾಡಿ ಅಂದರೆ ಅವರಿಗೆ ಗೊತ್ತಿದ್ದದ್ದು ಬುಲೆಟ್ ಒಂದೇ. ಸುತ್ತಮುತ್ತ ಇದ್ದದ್ದೂ ನಾಲ್ಕೈದು ಬುಲೆಟ್.

ಬುಲೆಟ್ಟಿಗೆ ಟ್ಯಾಪೆಟ್ ಇಡುವುದನ್ನು ಮೇಸ್ತ್ರಿ ನನಗೆ ಸರಿಯಾಗಿಯೇ ಕಲಿಸಿದ್ದರು. ಇಂಜಿನ್ ತಣ್ಣಗಿರಬೇಕು. ಪಕ್ಕದ ಮುಚ್ಚಳ ತೆಗೆದರೆ ಎರಡು ಪುಶ್ ರಾಡ್ ಕಾಣುತ್ತವೆ. ಪಿಸ್ಟನ್ ಮೇಲಿದ್ದು ಎರಡೂ ವಾಲ್ವ್ ಮುಚ್ಚಿರುವಾಗ ಆ ರಾಡನ್ನು ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಅಲ್ಲಾಡಬಾರದು. ಅಂದರೆ ಅಂತರ ಸೊನ್ನೆ. ಗೇಜ್ ಬೇಡ, ಬೆರಳೇ ಗೇಜ್. ಹಳೆಯ ಬೀಡು ಕಬ್ಬಿಣದ ಬುಲೆಟ್ಟಿಗೆ ಇದು ಇವತ್ತಿಗೂ ಸರಿಯಾದ ಲೆಕ್ಕ.

ಅಷ್ಟರಲ್ಲಿ ಹೀರೋ ಹೋಂಡಾ ಸಿಡಿ 100 ಬಂದಿತ್ತು. 1985ರಲ್ಲೇ ಬಂದಿದ್ದರೂ ನಮ್ಮ ಕಡೆ ಹಬ್ಬಲು ನಾಲ್ಕೈದು ವರ್ಷ ಹಿಡಿಯಿತು. ನೂರು ಸಿಸಿಯ ಪುಟ್ಟ ಫೋರ್ ಸ್ಟ್ರೋಕ್ ಇಂಜಿನ್. ಪೆಟ್ರೋಲ್ ಜೊತೆ ಆಯಿಲ್ ಬೆರೆಸುವ ರಗಳೆ ಇಲ್ಲ, ಹೊಗೆ ಇಲ್ಲ, ಮೈಲೇಜ್ ಕೇಳಿದರೆ ಯೆಜ್ಡಿಯವರು ಮುಖ ತಿರುಗಿಸಿಕೊಳ್ಳುವ ಹಾಗೆ. ನಮ್ಮ ವಿಜ್ಞಾನದ ಮೇಷ್ಟ್ರು 1991ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸಿಡಿ 100 ಕೊಂಡರು. ಫೇಲಾದ ಶಿಷ್ಯನನ್ನು ಮರೆಯದೆ, ಸರ್ವೀಸಿಗೆ ನಮ್ಮ ಗ್ಯಾರೇಜಿಗೇ ತಂದರು. ಆಗ ನನಗೆ ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು.

ಮಾರನೆಯ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಬಂದು, “ಏನೋ ಇದು, ಹೊಲಿಗೆ ಮಿಷನ್ ಥರ ಟಕಟಕ ಅಂತಿದೆಯಲ್ಲೋ” ಅಂದರು. ಮೇಸ್ತ್ರಿ ಊರಲ್ಲಿರಲಿಲ್ಲ. ಹದಿನೈದು ಕಿಲೋಮೀಟರ್ ಓಡಿಸಿಕೊಂಡು ಬಂದ ಇಂಜಿನ್, ಮುಟ್ಟಿದರೆ ಕೈ ಸುಡುತ್ತಿತ್ತು. ಮೇಷ್ಟ್ರಿಗೆ ಕೆಲಸ ತೋರಿಸಬೇಕು ಎಂಬ ಹುಮ್ಮಸ್ಸು ನನಗೆ. ಟ್ಯಾಪೆಟ್ ಕ್ಯಾಪ್ ಬಿಚ್ಚಿದೆ, ಬಟ್ಟೆ ಹಿಡಿದುಕೊಂಡು ಬುಲೆಟ್ಟಿನ ಲೆಕ್ಕದಲ್ಲೇ ಎರಡೂ ವಾಲ್ವನ್ನು ಸೊನ್ನೆಗೆ ತಂದೆ, ನಟ್ ಬಿಗಿದೆ. ಸ್ಟಾರ್ಟ್ ಮಾಡಿದರೆ ಸದ್ದೇ ಇಲ್ಲ. ಮೇಷ್ಟ್ರು ಬಗ್ಗಿ ಕಿವಿಗೊಟ್ಟು ಕೇಳಿ, “ಭೇಷ್” ಅಂದರು. ಶಾಲೆಯಲ್ಲಿ ಮೂರು ವರ್ಷದಲ್ಲಿ ಅವರ ಬಾಯಲ್ಲಿ ನಾನು ಕೇಳದ ಮಾತು ಅದು.

ಈಗ ಈ ಹೆಡ್ ನೋಡಿ. ಮಕ್ಕಳು ಸ್ವಲ್ಪ ಹತ್ತಿರ ಬನ್ನಿ. ಇದರಲ್ಲಿ ಎರಡು ವಾಲ್ವ್ ಇವೆ. ನಾಯಿಕೊಡೆಯನ್ನು ತಲೆಕೆಳಗು ಮಾಡಿದ ಹಾಗಿದೆ ಅಲ್ಲವೇ? ಇದು ಪೆಟ್ರೋಲು ಗಾಳಿ ಒಳಗೆ ಬರುವ ಬಾಗಿಲು, ಇದು ಸುಟ್ಟ ಹೊಗೆ ಹೊರಗೆ ಹೋಗುವ ಬಾಗಿಲು. ಮೇಲಿರುವ ಈ ಕ್ಯಾಮ್ ತಿರುಗುತ್ತಾ ರಾಕರನ್ನು ಎತ್ತುತ್ತದೆ, ರಾಕರಿನ ಇನ್ನೊಂದು ತುದಿ ವಾಲ್ವನ್ನು ಒತ್ತುತ್ತದೆ, ಬಾಗಿಲು ತೆರೆಯುತ್ತದೆ. ಮುಚ್ಚುವುದು ಸ್ಪ್ರಿಂಗ್. ಇಂಜಿನ್ ಎರಡು ಸುತ್ತು ತಿರುಗಿದರೆ ಒಂದೊಂದು ಬಾಗಿಲು ಒಂದು ಸಲ ತೆರೆದು ಮುಚ್ಚುತ್ತದೆ. ನಿಮಿಷಕ್ಕೆ 4000 ಸುತ್ತು ಅಂತಿಟ್ಟುಕೊಂಡರೆ ನಿಮಿಷಕ್ಕೆ 2000 ಸಲ. ನಾನು ಈ ವಾಕ್ಯ ಹೇಳಿ ಮುಗಿಸುವಷ್ಟರಲ್ಲಿ ನೂರೈವತ್ತಕ್ಕೂ ಹೆಚ್ಚು ಸಲ.

ರಾಕರಿನ ತುದಿಯಲ್ಲಿರುವ ಈ ಸ್ಕ್ರೂಗೂ ವಾಲ್ವಿನ ಕಡ್ಡಿಗೂ ನಡುವೆ ಒಂಚೂರು ಜಾಗ ಬಿಡಬೇಕು. ಎಷ್ಟು? ಸಿಡಿ 100ಕ್ಕೆ ತಣ್ಣಗಿರುವಾಗ 0.05 ಮಿಲಿಮೀಟರ್. ನಿಮ್ಮ ನೋಟ್‌ಬುಕ್ಕಿನ ಹಾಳೆಯ ದಪ್ಪದ ಸುಮಾರು ಅರ್ಧ. ತೆಳ್ಳನೆಯ ತಲೆಕೂದಲಿನಷ್ಟು. ಬೇರೆ ಗಾಡಿಗಳಿಗೆ ಬೇರೆ ಅಳತೆ, ಒಂದೇ ಗಾಡಿಯ ಎರಡು ವಾಲ್ವಿಗೂ ಬೇರೆ ಬೇರೆ ಇರಬಹುದು. ಆಯಾ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಆ ಪುಸ್ತಕವನ್ನು ದಯವಿಟ್ಟು ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲೇ ಕೊಳೆಯಲು ಬಿಡಬೇಡಿ.

ಈ ಜಾಗ ಯಾಕೆ ಬೇಕು ಅನ್ನುವುದನ್ನು ನಮ್ಮ ಮೇಷ್ಟ್ರು ನನಗೆ ಎಂಟನೆಯ ತರಗತಿಯಲ್ಲೇ ಕಲಿಸಿದ್ದರು. ನಾನು ಕಲಿತಿರಲಿಲ್ಲ, ಅಷ್ಟೇ. ಹಿತ್ತಾಳೆಯ ಗುಂಡು, ಅದು ಸರಿಯಾಗಿ ತೂರುವ ಒಂದು ಉಂಗುರ. ಗುಂಡನ್ನು ಸ್ಪಿರಿಟ್ ದೀಪದಲ್ಲಿ ಕಾಯಿಸಿದರೆ ಉಂಗುರದಲ್ಲಿ ತೂರುವುದಿಲ್ಲ, ಆರಿದ ಮೇಲೆ ತೂರುತ್ತದೆ. ಇದೇ ಕಟ್ಟಡದ ಆ ಮೂಲೆಯ ಕೋಣೆಯಲ್ಲಿ ತೋರಿಸಿದ್ದರು. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟೆಯನ್ನು ಕಾಯಿಸಿ ಯಾಕೆ ತೊಡಿಸುತ್ತಾರೆ, ರೈಲು ಹಳಿಗಳ ನಡುವೆ ಸಂದು ಯಾಕೆ ಬಿಡುತ್ತಾರೆ ಅಂತಲೂ ಹೇಳಿದ್ದರು. ನಾವು ಹುಡುಗರು ರೈಲಿನ ಟಕಟಕ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿ ಬೆಂಚಿನ ಮೇಲೆ ನಿಂತಿದ್ದೆವು. ಇಂಜಿನ್ನಿನ ಟಕಟಕವೂ ಅದೇ ಪಾಠ ಅಂತ ತಿಳಿಯಲು ನನಗೆ ಎಂಟು ವರ್ಷ ಬೇಕಾಯಿತು.

ಲೆಕ್ಕ ಹಾಕೋಣ. ಹತ್ತನೆಯ ತರಗತಿಯವರು ಬರೆದುಕೊಳ್ಳಿ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ವಾಲ್ವಿನ ಉದ್ದ 60 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಹೊಗೆ ಹೋಗುವ ವಾಲ್ವಿನ ತಲೆ ಕೆಂಪಗೆ ಕಾಯುತ್ತದೆ, ಕಡ್ಡಿ ಅಷ್ಟು ಕಾಯುವುದಿಲ್ಲ, ಸರಾಸರಿ 300 ಡಿಗ್ರಿ ಹೆಚ್ಚಾಯಿತು ಅನ್ನೋಣ. ಗುಣಿಸಿದರೆ 0.216 ಮಿಲಿಮೀಟರ್. ನಾವು ಬಿಟ್ಟ ಜಾಗಕ್ಕಿಂತ ನಾಲ್ಕು ಪಟ್ಟು ಜಾಸ್ತಿ!

ಹಾಗಾದರೆ 0.05 ಹೇಗೆ ಸಾಕು ಸಾರ್ ಅಂತ ಬುದ್ಧಿವಂತರು ಕೇಳಬೇಕು. ಸಾಕು, ಯಾಕೆಂದರೆ ವಾಲ್ವ್ ಕೂತಿರುವ ಈ ಹೆಡ್ಡೂ ಹಿಗ್ಗುತ್ತದೆ. ಇದು ಅಲ್ಯುಮಿನಿಯಂ. ಇಷ್ಟು ಕಾಯುವುದಿಲ್ಲ, ಆದರೆ ಒಂದೇ ಬಿಸಿಗೆ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುವ ಲೋಹ. ವಾಲ್ವ್ ಜಾಗವನ್ನು ತಿನ್ನುತ್ತದೆ, ಹೆಡ್ ಜಾಗವನ್ನು ಬಿಡಿಸಿಕೊಡುತ್ತದೆ. ಈ ಕೊಡುಕೊಳ್ಳುವಿಕೆ ಕಳೆದು ಉಳಿಯುವುದಕ್ಕಾಗಿ ಇಂಜಿನ್ ಮಾಡಿದವರು ಅಳೆದು ನೋಡಿ ಆ 0.05 ಅನ್ನು ಬರೆದಿದ್ದಾರೆ. ಅದು ನಮ್ಮ ಇಷ್ಟಾನಿಷ್ಟದ ಸಂಖ್ಯೆಯಲ್ಲ.

ಬುಲೆಟ್ಟಿನಲ್ಲಿ ಸೊನ್ನೆ ಹೇಗೆ ನಡೆಯುತ್ತದೆ? ಅದರ ಕ್ಯಾಮ್ ಕೆಳಗಿದೆ, ರಾಕರ್ ಮೇಲಿದೆ, ನಡುವೆ ಉದ್ದನೆಯ ಪುಶ್ ರಾಡ್. ಇಂಜಿನ್ ಕಾದಾಗ ಇಡೀ ಸಿಲಿಂಡರು, ಹೆಡ್ಡು ಎಲ್ಲ ಸೇರಿ ಎತ್ತರಕ್ಕೆ ಬೆಳೆದು ರಾಕರನ್ನು ಮೇಲಕ್ಕೆ ಎತ್ತಿಕೊಂಡು ಹೋಗುತ್ತವೆ. ಬದಿಯಲ್ಲಿರುವ ರಾಡ್ ಅವುಗಳಷ್ಟು ಕಾಯುವುದಿಲ್ಲ. ಹಾಗಾಗಿ ತಣ್ಣಗಿರುವಾಗ ಸೊನ್ನೆ ಇಟ್ಟರೂ ಬಿಸಿಯಾದಾಗ ತಾನಾಗಿ ಜಾಗ ಬಿಡುತ್ತದೆ. ನೂರು ಸಿಸಿ ಗಾಡಿಯಲ್ಲಿ ಪುಶ್ ರಾಡೇ ಇಲ್ಲ, ಕ್ಯಾಮ್ ಹೆಡ್ಡಿನಲ್ಲೇ ಕೂತಿದೆ. ಅಲ್ಲಿನ ಸರಿ ಇಲ್ಲಿ ತಪ್ಪು. ಮೇಸ್ತ್ರಿ ಕಲಿಸಿದ್ದು ಸುಳ್ಳಲ್ಲ, ನಾನು ಅದನ್ನು ಯಾವ ಇಂಜಿನ್ನಿಗೆ ಹಾಕಿದೆ ಅನ್ನುವುದೇ ತಪ್ಪು. ಜೊತೆಗೆ ಬಿಸಿ ಇಂಜಿನ್ನಿಗೆ ಕೈಹಾಕಿದ್ದು ಎರಡನೆಯ ತಪ್ಪು.

ಜಾಗ ಜಾಸ್ತಿಯಾದರೆ ಏನಾಗುತ್ತದೆ? ಸ್ಕ್ರೂ ಬಂದು ವಾಲ್ವಿಗೆ ಬಡಿಯುತ್ತದೆ, ಟಕಟಕ ಅನ್ನುತ್ತದೆ. ಬಾಗಿಲು ಸ್ವಲ್ಪ ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಎಳೆತ ಒಂದಿಷ್ಟು ಕಡಿಮೆ. ವರ್ಷಗಟ್ಟಲೆ ಹಾಗೇ ಓಡಿಸಿದರೆ ಬಡಿಯುವ ಜಾಗ ಸವೆಯುತ್ತದೆ. ಕೆಟ್ಟದ್ದೇ, ಆದರೆ ಕೂಗಿ ಹೇಳುವ ಕೆಡುಕು. ಜಾಗ ಇಲ್ಲದೇ ಹೋದರೆ? ಸದ್ದೇ ಇರುವುದಿಲ್ಲ. ವಾಲ್ವ್ ಕಾದು ಉದ್ದವಾದಾಗ ರಾಕರ್ ಅದನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ. ಬಾಗಿಲ ಸಂದಿಯಲ್ಲಿ ಕಡ್ಡಿ ಸಿಕ್ಕಿಕೊಂಡ ಹಾಗೆ. ಒಳಗೆ ಬೆಂಕಿ ಹೊತ್ತಿದಾಗ ಜ್ವಾಲೆ ಆ ಸಂದಿಯಲ್ಲಿ ನುಗ್ಗುತ್ತದೆ. ಇನ್ನೊಂದು ಮುಖ್ಯ ವಿಷಯ: ವಾಲ್ವಿನ ತಲೆ ತನ್ನ ಬಿಸಿಯ ಬಹುಪಾಲನ್ನು ಕಳೆದುಕೊಳ್ಳುವುದು ಸೀಟಿನ ಮೇಲೆ ಒತ್ತಿ ಕೂತಾಗ. ಕೂರಲು ಬಿಡದಿದ್ದರೆ ಬಿಸಿ ಹೋಗಲು ದಾರಿಯಿಲ್ಲ. ಇನ್ನೂ ಕಾಯುತ್ತದೆ, ಇನ್ನೂ ಉದ್ದವಾಗುತ್ತದೆ, ಇನ್ನೂ ತೆರೆದುಕೊಳ್ಳುತ್ತದೆ. ಕೊನೆಗೆ ಅಂಚು ಸುಟ್ಟು ಹೋಗುತ್ತದೆ. ಇಷ್ಟೆಲ್ಲ ಆಗುವಾಗ ಇಂಜಿನ್ ಪಿಸುಮಾತಿನಲ್ಲಿ ಓಡುತ್ತಿರುತ್ತದೆ, ಓಡಿಸುವವರು ಖುಷಿಯಾಗಿರುತ್ತಾರೆ.

ಮೇಷ್ಟ್ರು ಖುಷಿಯಾಗಿದ್ದರು. ಸ್ಟಾಫ್ ರೂಮಿನಲ್ಲಿ ಹೇಳಿದರಂತೆ, ನಮ್ಮ ಹುಡುಗ ಗಾಡಿ ಎಷ್ಟು ಚೆನ್ನಾಗಿ ಮಾಡಿದ್ದಾನೆ ನೋಡಿ ಅಂತ. ಅವರ ಮಾತು ಕೇಳಿ ಏಳು ಗಾಡಿಗಳು ಬಂದವು, ಸದ್ದು ಹೋಗಿಸು ಅಂತ. ಏಳಕ್ಕೂ ಸದ್ದು ಹೋಗಿಸಿದೆ.

ಫೆಬ್ರವರಿಯಲ್ಲಿ ಮೇಷ್ಟ್ರು ಮತ್ತೆ ಬಂದರು. ಬೆಳಿಗ್ಗೆ ಹತ್ತು ಕಿಕ್ ಹೊಡೆದರೂ ಸ್ಟಾರ್ಟ್ ಆಗಲ್ಲ, ನಿಧಾನಕ್ಕೆ ಬಿಟ್ಟರೆ ಆಫ್ ಆಗುತ್ತೆ, ಸೈಲೆನ್ಸರಿನಲ್ಲಿ ಫಟ್ ಫಟ್ ಅನ್ನುತ್ತೆ ಅಂದರು. ಇವತ್ತು ಯಾರಾದರೂ ಈ ಮೂರು ಮಾತು ಒಟ್ಟಿಗೆ ಹೇಳಿದರೆ ನಾನು ಮೊದಲು ಕಿಕ್ಕರನ್ನು ಕೈಯಲ್ಲಿ ಒತ್ತಿ ನೋಡುತ್ತೇನೆ. ಕಂಪ್ರೆಷನ್ ಇದ್ದರೆ ಕಿಕ್ಕರ್ ಎದುರು ಒತ್ತುತ್ತದೆ, ವಾಲ್ವ್ ಬಿಟ್ಟುಕೊಂಡಿದ್ದರೆ ಹಗುರಾಗಿ ಇಳಿಯುತ್ತದೆ. ಅವತ್ತು ಅದೂ ಮಾಡಲಿಲ್ಲ. ಪ್ಲಗ್ ತೆಗೆದು ಎಮರಿ ಪೇಪರಿನಲ್ಲಿ ಉಜ್ಜಿ, ಹೋಗಿ ಬನ್ನಿ ಸಾರ್ ಅಂದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂತು. ಆಗ ನಮ್ಮ ಶಾಲೆಗೆ ಪರೀಕ್ಷಾ ಕೇಂದ್ರ ಇರಲಿಲ್ಲ, ಹುಡುಗರು ಬಸ್ಸಿನಲ್ಲಿ ಹೋಗಬೇಕಿತ್ತು. ಗಣಿತದ ಪರೀಕ್ಷೆಯ ದಿನ ಒಬ್ಬ ಹುಡುಗನಿಗೆ ಬಸ್ ತಪ್ಪಿತು. ಮೇಷ್ಟ್ರು ಅವನನ್ನು ಹಿಂದೆ ಕೂರಿಸಿಕೊಂಡು ಹೊರಟರು. ಕೆರೆ ಏರಿ ದಾಟಿ ದಿಬ್ಬ ಹತ್ತುವಾಗ ಗಾಡಿ ಎಳೆಯುವುದನ್ನು ನಿಲ್ಲಿಸಿತು, ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಆಮೇಲೆ ಎಷ್ಟು ಕಿಕ್ ಹೊಡೆದರೂ ಜೀವ ಬರಲಿಲ್ಲ. ಹುಡುಗ ಅಳಲು ಶುರುಮಾಡಿದ. ಪುಣ್ಯಕ್ಕೆ ಕೊಬ್ಬರಿ ಲಾರಿಯೊಂದು ಬಂತು. ಮೇಷ್ಟ್ರು ರಸ್ತೆಗೆ ಅಡ್ಡ ನಿಂತು ಲಾರಿ ನಿಲ್ಲಿಸಿ, ಹುಡುಗನನ್ನು ಚೀಲಗಳ ಮೇಲೆ ಹತ್ತಿಸಿ ಕಳಿಸಿದರು. ತಾವು ಬಿಸಿಲಲ್ಲಿ ಗಾಡಿ ತಳ್ಳಿಕೊಂಡು ಮೂರು ಕಿಲೋಮೀಟರ್ ನಡೆದು ನನ್ನ ಗ್ಯಾರೇಜಿಗೆ ಬಂದರು. ಅಂಗಿ ಒದ್ದೆಯಾಗಿತ್ತು. ನೀರು ಕುಡಿದು ಅವರು ಆಡಿದ ಮೊದಲ ಮಾತು, “ಹುಡುಗ ಟೈಮಿಗೆ ಮುಟ್ಟಿರುತ್ತಾನೆ ಬಿಡು.”

ಹೆಡ್ ಬಿಚ್ಚಿದೆ. ಹೊಗೆ ವಾಲ್ವಿನ ಅಂಚಿನಲ್ಲಿ ಇಲಿ ಕಡಿದ ಹಾಗೆ ಒಂದು ತುಂಡು ಇರಲಿಲ್ಲ. ಸೀಟೂ ಸುಟ್ಟಿತ್ತು. ಸೀಟ್ ಕಟಿಂಗಿಗೆ ತುಮಕೂರಿನ ಒಂದು ಲೇತ್ ಅಂಗಡಿಗೆ ಹೆಡ್ ತೆಗೆದುಕೊಂಡು ಹೋದೆ. ಅಲ್ಲಿದ್ದ ಹಿರಿಯರು ವಾಲ್ವನ್ನು ಬೆಳಕಿಗೆ ಹಿಡಿದು ನೋಡಿ, “ಟ್ಯಾಪೆಟ್ ಬಿಗಿ ಇಟ್ಟಿದ್ದು ಯಾರಪ್ಪ?” ಅಂದರು. ನಾನು ಸುಮ್ಮನಿದ್ದೆ. ಅವರಿಗೆ ಗೊತ್ತಾಯಿತು. ಕೆಲಸ ಮಾಡುತ್ತಲೇ, ಈಗ ನಾನು ನಿಮಗೆ ಹೇಳಿದ್ದನ್ನೆಲ್ಲ ನನಗೆ ಹೇಳಿದರು. ಸ್ವಲ್ಪ ಸದ್ದು ಇರಲಿ, ಸದ್ದು ಇದ್ದರೆ ವಾಲ್ವ್ ಮುಚ್ಚುತ್ತಿದೆ ಅಂತ ಅರ್ಥ ಅಂದರು. ಹೊರಡುವಾಗ ತಮ್ಮ ಹಳೆಯ ಫಿಲ್ಲರ್ ಗೇಜನ್ನೂ ಕೊಟ್ಟರು. ಇದೇ ಅದು. ಇದರ ಮೇಲೆ ಇಂಚಿನ ಲೆಕ್ಕದಲ್ಲಿ .002 ಅಂತ ಬರೆದಿರುವ ಪಟ್ಟಿಯೇ ನಮ್ಮ 0.05 ಮಿಲಿಮೀಟರ್.

ತುಮಕೂರಿನಿಂದ ಬರುವಾಗ ಬಸ್ಸಿನಲ್ಲಿ ಮೇಷ್ಟ್ರಿಗೆ ಏನು ಹೇಳುವುದು ಅಂತ ಯೋಚಿಸುತ್ತಾ ಬಂದೆ. ಗ್ಯಾರೇಜಿನಲ್ಲಿ ಅವರು ಕಾಯುತ್ತಿದ್ದರು. “ಪೆಟ್ರೋಲಿನಲ್ಲಿ ಸೀಮೆಎಣ್ಣೆ ಬೆರೆಸಿದ್ದಾರೆ ಸಾರ್, ಅದಕ್ಕೇ ವಾಲ್ವ್ ಹೋಗಿದೆ” ಅಂದೆ. ವಾಲ್ವ್, ಗ್ಯಾಸ್ಕೆಟ್, ಲೇತ್ ಕೆಲಸ, ನನ್ನ ಕೂಲಿ ಎಲ್ಲ ಸೇರಿ 540 ರೂಪಾಯಿ. ಹೌದು, ನನ್ನ ಕೂಲಿಯನ್ನೂ ಸೇರಿಸಿದೆ. ಅವರು ಅರ್ಧ ಅವತ್ತು ಕೊಟ್ಟರು, ಇನ್ನರ್ಧ ಸಂಬಳ ಆದ ಮೇಲೆ ತಂದುಕೊಟ್ಟರು. ಆ ಬಂಕಿಗೆ ಹೋಗುವುದನ್ನೇ ಬಿಟ್ಟರು. ಏನೂ ಮಾಡದ ಆ ಬಂಕಿನವರ ತಲೆಗೂ ನಾನು ಒಂದು ಕಳಂಕ ಕಟ್ಟಿದೆ.

ಉಳಿದ ಏಳು ಗಾಡಿಗಳಲ್ಲಿ ಐದನ್ನು ಫ್ರೀ ಚೆಕಪ್ ಅಂತ ಸುಳ್ಳು ಹೇಳಿ ಕರೆಸಿಕೊಂಡು ಸರಿಯಾಗಿ ಸೆಟ್ ಮಾಡಿದೆ. ಎಲ್ಲರೂ ಬೈದರು, ಸದ್ದು ಮತ್ತೆ ಬಂತಲ್ಲೋ ಅಂತ. ಎರಡು ಗಾಡಿ ಸಿಗಲಿಲ್ಲ. ಅವುಗಳ ಗತಿ ಏನಾಯಿತೋ.

ಸರಿಯಾಗಿ ಮಾಡುವುದು ಹೇಗೆ ಅಂತ ತೋರಿಸಿಬಿಡುತ್ತೇನೆ, ಇಲ್ಲದಿದ್ದರೆ ಈ ಹೆಡ್ ಹೊತ್ತು ತಂದದ್ದು ದಂಡ. ಗಾಡಿ ರಾತ್ರಿಯೆಲ್ಲ ನಿಂತಿರಬೇಕು. ನನ್ನ ಗ್ಯಾರೇಜಿನಲ್ಲಿ ಟ್ಯಾಪೆಟ್ ಕೆಲಸಕ್ಕೆ ಹಿಂದಿನ ದಿನ ಸಂಜೆಯೇ ಗಾಡಿ ಬಿಡಬೇಕು. ಒಬ್ಬರು ಕೇಳಿದರು, ಇದೇನಯ್ಯ, ಮಗೂನ ಆಸ್ಪತ್ರೆಗೆ ಅಡ್ಮಿಟ್ ಮಾಡಿದ ಹಾಗೆ ಅಂತ. ಬೇಜಾರಾದರೆ ಬೇರೆ ಗ್ಯಾರೇಜಿಗೆ ಹೋಗಲಿ. ಬಿಸಿ ಇಂಜಿನ್ನಿನಲ್ಲಿ ಒಂದೊಂದು ಭಾಗ ಒಂದೊಂದು ಬಿಸಿಯಲ್ಲಿರುತ್ತದೆ, ಅಲ್ಲಿ ಅಳೆದದ್ದಕ್ಕೆ ಬೆಲೆಯಿಲ್ಲ.

ಎರಡು ಟ್ಯಾಪೆಟ್ ಕ್ಯಾಪ್ ತೆಗೆಯಿರಿ. ಬಿಚ್ಚುವ ಮೊದಲು ಸುತ್ತಲ ಮಣ್ಣು ಒರೆಸಿ. ನಮ್ಮ ರಸ್ತೆಯ ಧೂಳು ಒಳಗೆ ಬಿದ್ದರೆ ಇನ್ನೊಂದು ಕಥೆ. ಎಡಗಡೆ ಮ್ಯಾಗ್ನೆಟ್ ಕವರಿನ ಎರಡು ಮುಚ್ಚಳ ತೆಗೆದು, ಸಾಕೆಟ್ ಹಾಕಿ, ಇಂಜಿನ್ನನ್ನು ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ನಿಧಾನವಾಗಿ ತಿರುಗಿಸಿ. ಪ್ಲಗ್ ಬಿಚ್ಚಿಟ್ಟರೆ ಹಗುರಾಗಿ ತಿರುಗುತ್ತದೆ. ಕಿಂಡಿಯಲ್ಲಿ ಮ್ಯಾಗ್ನೆಟ್ ಮೇಲೆ ಎಫ್ ಅಂತ ಒಂದು ಗುರುತು, ಟಿ ಅಂತ ಇನ್ನೊಂದು ಗುರುತು ಬರುತ್ತದೆ. ಎರಡೂ ಅಕ್ಕಪಕ್ಕ ಇವೆ. ಹೊಸ ಹುಡುಗರು ಎಫ್ ಕಂಡೊಡನೆ ನಿಲ್ಲಿಸಿಬಿಡುತ್ತಾರೆ. ಎಫ್ ಅಂದರೆ ಕಿಡಿ ಹಾರುವ ಜಾಗ. ನಮಗೆ ಬೇಕಾದದ್ದು ಟಿ, ಪಿಸ್ಟನ್ ತುತ್ತತುದಿಗೆ ಬಂದ ಜಾಗ. ಅದರ ಗೆರೆ ಕವರಿನ ಕಚ್ಚಿಗೆ ನೇರ ಬರಬೇಕು.

ಆದರೆ ಪಿಸ್ಟನ್ ಎರಡು ಸುತ್ತಿನಲ್ಲಿ ಎರಡು ಸಲ ತುದಿಗೆ ಬರುತ್ತದೆ. ಒಂದು ಸಲ ಎರಡೂ ಬಾಗಿಲು ಮುಚ್ಚಿರುತ್ತವೆ, ಇನ್ನೊಂದು ಸಲ ಹೊಗೆ ಬಾಗಿಲು ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ಇರುತ್ತದೆ. ಗುರುತಿಸುವುದು ಹೇಗೆ? ಎರಡೂ ರಾಕರನ್ನು ಬೆರಳಲ್ಲಿ ಅಲ್ಲಾಡಿಸಿ. ಎರಡೂ ಒಂಚೂರು ಅಲ್ಲಾಡಿದರೆ ಸರಿ. ಬಿಗಿಯಾಗಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ಟಿ ಗುರುತಿಗೇ ತನ್ನಿ. ಆಗಲೂ ಒಂದು ಬಿಗಿಯಾಗೇ ಇದ್ದರೆ, ಅದರಲ್ಲಿ ಜಾಗವೇ ಉಳಿದಿಲ್ಲ ಅಂತ ಅರ್ಥ. ವಾಲ್ವ್ ಸೀಟಿನಲ್ಲಿ ಸವೆದು ಇಳಿಯುತ್ತಾ ಹೋದರೆ ಕಡ್ಡಿ ಮೇಲೇರುತ್ತದೆ, ಯಾರೂ ಕೈಹಾಕದಿದ್ದರೂ ಜಾಗ ತಾನಾಗಿ ಮುಚ್ಚುತ್ತದೆ. ಸದ್ದಿಲ್ಲದ ಗಾಡಿಯನ್ನೂ ಪುಸ್ತಕದಲ್ಲಿ ಬರೆದಷ್ಟು ಕಿಲೋಮೀಟರಿಗೆ ಒಮ್ಮೆ ತೆಗೆದು ನೋಡಬೇಕು ಅನ್ನುವುದು ಇದಕ್ಕೇ.

ಇಲ್ಲಿ ಬಾ ಮಗಳೇ, ನಿನ್ನ ಕೈ ಕೊಡು. ಈ ಪಟ್ಟಿಯನ್ನು ಸ್ಕ್ರೂಗೂ ಕಡ್ಡಿಗೂ ನಡುವೆ ತೂರಿಸು. ಎಳೆ. ಹೇಗಿದೆ? ಸಡಿಲವಾಗಿದೆ ಅಲ್ಲವೇ? ಈಗ 9ರ ಸ್ಪ್ಯಾನರಿನಲ್ಲಿ ಲಾಕ್ ನಟ್ ಸಡಿಲಿಸಿ, ಟ್ಯಾಪೆಟ್ ಕೀಯಲ್ಲಿ ಸ್ಕ್ರೂ ಒಂದೆಳೆ ತಿರುಗಿಸುತ್ತೇನೆ. ಈಗ ಎಳೆ. ದಪ್ಪ ಪುಸ್ತಕದ ಕೆಳಗಿಂದ ಹಾಳೆ ಎಳೆದ ಹಾಗೆ ಅನ್ನಿಸುತ್ತಾ? ಅದೇ. ಹಿಡಿಯಬೇಕು, ಕಚ್ಚಬಾರದು. ಈಗ ಕೀಯನ್ನು ಅಲ್ಲಾಡದಂತೆ ಹಿಡಿದು ನಟ್ ಬಿಗಿಯುತ್ತೇನೆ. ಮತ್ತೆ ಎಳೆದು ನೋಡು. ಬಿಗಿಯಾಯಿತಾ? ಆಗೇ ಆಗುತ್ತದೆ. ನಟ್ ಬಿಗಿಯುವಾಗ ಸ್ಕ್ರೂ ತಾನೂ ಸ್ವಲ್ಪ ತಿರುಗಿಬಿಡುತ್ತದೆ. ಎಷ್ಟೋ ಜನ ಇಲ್ಲಿಗೇ ಮುಗಿಸುತ್ತಾರೆ, ಬಿಗಿದ ಮೇಲೆ ಅಳೆಯುವುದಿಲ್ಲ. ಬಿಚ್ಚಿ, ಇನ್ನೊಮ್ಮೆ ಮಾಡಬೇಕು. ನಾನು ಮೂವತ್ತು ವರ್ಷದಿಂದ ಮಾಡುತ್ತಿದ್ದೇನೆ, ಈಗಲೂ ಎರಡು ಮೂರು ಸಲ ಬಿಚ್ಚಿ ಹಾಕುತ್ತೇನೆ. ಗೇಜ್ ಇಲ್ಲ ಅಂತ ಶೇವಿಂಗ್ ಬ್ಲೇಡ್ ಇಟ್ಟು ಅಳೆಯುವವರೂ ಇದ್ದಾರೆ. ಬ್ಲೇಡಿನ ದಪ್ಪ ಸುಮಾರು 0.1 ಮಿಲಿಮೀಟರ್, ಎರಡು ಪಟ್ಟು. ಇಡೀ ಗೇಜಿನ ಬೆಲೆ ಒಂದು ಲೀಟರ್ ಆಯಿಲ್ಲಿಗಿಂತ ಕಡಿಮೆ, ಕೊಂಡುಕೊಳ್ಳಿ.

ದೊಡ್ಡ ಹೊಸ ಬೈಕುಗಳಲ್ಲಿ ಕೆಲವಕ್ಕೆ ಸ್ಕ್ರೂ ಇರುವುದಿಲ್ಲ, ಬಿಲ್ಲೆಗಳನ್ನು ಬದಲಾಯಿಸಬೇಕು, ಅದು ಇವತ್ತು ಬೇಡ. ಎಲೆಕ್ಟ್ರಿಕ್ ಗಾಡಿಗಳಿಗೆ ವಾಲ್ವೇ ಇಲ್ಲ. ಅವು ಪೂರ್ತಿ ಬರುವ ಹೊತ್ತಿಗೆ ನನ್ನ ಮಂಡಿ ನೋವೂ ನನ್ನನ್ನು ಮನೆಯಲ್ಲಿ ಕೂರಿಸಿರುತ್ತದೆ.

ಮೇಷ್ಟ್ರೇ, ನೀವು ಇದನ್ನೆಲ್ಲ ಕೇಳಿಸಿಕೊಳ್ಳುತ್ತಾ ಕನ್ನಡಕ ಒರೆಸಿಕೊಳ್ಳುತ್ತಿದ್ದೀರಿ. ನಿಮಗೆ ಆವಾಗಲೇ ಗೊತ್ತಿತ್ತೋ ಏನೋ. ಗುಂಡು ಉಂಗುರದ ಪಾಠ ಮಾಡಿದವರು ನೀವು. ಗೊತ್ತಿದ್ದೂ ಇಷ್ಟು ವರ್ಷ ನನ್ನ ಗ್ಯಾರೇಜಿಗೇ ಗಾಡಿ ತಂದಿದ್ದರೆ ನಾನು ಏನು ಹೇಳಲಿ. 540 ರೂಪಾಯಿ ವಾಪಸ್ ಕೊಟ್ಟರೆ ನೀವು ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಒಂದು ಇಂಜಿನ್ನನ್ನು ಅರ್ಧ ಸೀಳಿಸಿ, ಒಳಗಿನದೆಲ್ಲ ಕಾಣುವ ಹಾಗೆ ಸ್ಟ್ಯಾಂಡಿನ ಮೇಲೆ ಕೂರಿಸಿ ತಂದಿದ್ದೇನೆ. ಹಿಡಿ ತಿರುಗಿಸಿದರೆ ವಾಲ್ವ್ ತೆರೆದು ಮುಚ್ಚುವುದು ಕಾಣುತ್ತದೆ. ಜೊತೆಗೆ ಐದು ಫಿಲ್ಲರ್ ಗೇಜ್, ಹೊಸ ಗುಂಡು ಉಂಗುರ ಒಂದು ಜೊತೆ. ಹಳೆಯ ಉಂಗುರ ಕಳೆದುಹೋಗಿದೆ ಅಂತ ಈಗಿನ ವಿಜ್ಞಾನದ ಮೇಡಂ ಹೇಳಿದರು. ಪ್ರಯೋಗಾಲಯದಲ್ಲಿ ಇಟ್ಟುಕೊಳ್ಳಲಿ. ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ ಮೇಡಂ, ಮಕ್ಕಳು ತಿರುಗಿಸಲಿ. ಕೆಟ್ಟರೆ ನಾನು ಬಂದು ಸರಿಮಾಡುತ್ತೇನೆ.

ನಿಮ್ಮ ಈಗಿನ ಗಾಡಿಯೂ ಗೇಟಿನ ಹತ್ತಿರ ನಿಂತಿದೆ ಮೇಷ್ಟ್ರೇ, ಬರುವಾಗ ಕೇಳಿಸಿಕೊಂಡೆ. ತುಂಬಾ ಸದ್ದಿಲ್ಲದೆ ಓಡುತ್ತಿದೆ, ಅದೇ ನನಗೆ ಅನುಮಾನ. ನಾಳೆ ಬೆಳಿಗ್ಗೆ ಹಾಲಿಗೆ ಹೋಗುವಾಗ ನಡೆದೇ ಹೋಗಿ, ಸ್ಟಾರ್ಟ್ ಮಾಡಬೇಡಿ. ಏಳು ಗಂಟೆಗೆ ಗೇಜ್ ತೆಗೆದುಕೊಂಡು ನಾನೇ ಮನೆಗೆ ಬರುತ್ತೇನೆ.